ಹತ್ತು ರಿಯಾಲಿನ ರಸೀದಿ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸಮಿತಿಯವರು ನನಗೆ ಕೊಟ್ಟಿರುವ ವಿಷಯ ‘ಹೊರದೇಶದಲ್ಲಿ ನನ್ನ ಅನುಭವ’. ಸೌದಿ ಅಂದ ಕೂಡಲೇ ಮರಳು, ಒಂಟೆ, ಖರ್ಜೂರ ಅಂತ ನೀವೆಲ್ಲ ಕಾಯುತ್ತಾ ಇರುತ್ತೀರಿ. ಒಂಬತ್ತು ವರ್ಷದಲ್ಲಿ ನಾನು ಒಂಟೆಯನ್ನು ಹತ್ತಿರದಿಂದ ನೋಡಿದ್ದು ಎರಡೇ ಸಲ, ಎರಡು ಸಲವೂ ಲಾರಿಯ ಮೇಲೆ. ಹಾಗಾಗಿ ಅದನ್ನು ಬಿಟ್ಟು, ಅಲ್ಲಿ ನಾನು ಕಂಡ ಒಂದು ರಸೀದಿ ಪುಸ್ತಕದ ಕತೆ ಹೇಳುತ್ತೇನೆ. ಅದನ್ನು ಹೇಳಬೇಕಾದರೆ ಮೊದಲು ಈ ಶಾಲೆಯಿಂದಲೇ ಶುರು ಮಾಡಬೇಕು.

ನಮ್ಮ ಅಬ್ಬ ಕಾಯಿ ಸುಲಿಯುವವರು. ಸಾವಿರ ಕಾಯಿಗೆ ಇಷ್ಟು ಅಂತ ಕೂಲಿ. ಹುಳಿಯಾರು ಕಡೆಯಿಂದ ಮಾಯಸಂದ್ರದವರೆಗೆ ಯಾವ ತೋಟದ ಮನೆಯಲ್ಲಿ ಅಟ್ಟ ಇಳಿಸುತ್ತಾರೋ ಅಲ್ಲಿಗೆ ಹೋಗುತ್ತಿದ್ದರು. ಒಂಬತ್ತನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ನಾನೂ ಜೊತೆಗೆ ಹೋಗಿ ದಿನಕ್ಕೆ ಮುನ್ನೂರು ಕಾಯಿ ಸುಲಿದೆ. ಕೈಯಲ್ಲಿ ದುಡ್ಡು ಬಂತು, ಶಾಲೆ ಸಾಕು ಅನ್ನಿಸಿತು. ಜೂನ್‌ನಲ್ಲಿ ನಮ್ಮ ಗಣಿತದ ಮೇಷ್ಟ್ರು ಸೈಕಲ್ ತುಳಿದುಕೊಂಡು ಕಾಯಿ ಸುಲಿಯುವ ಜಾಗಕ್ಕೇ ಬಂದರು. ಅಬ್ಬನಿಗೆ ಅವರು ಹೇಳಿದ್ದು ಒಂದೇ ಮಾತು: ‘ಸಾಬ್ರೆ, ಕಾಯಿ ಎಲ್ಲೂ ಓಡಿಹೋಗಲ್ಲ. ಹತ್ತನೇ ಕ್ಲಾಸು ಓಡಿಹೋಗುತ್ತೆ.’ ಅಬ್ಬ ನನ್ನ ಕೈಯಿಂದ ಕಾಯಿ ಕಿತ್ತುಕೊಂಡು ಮೇಷ್ಟ್ರ ಸೈಕಲ್ಲಿನ ಹಿಂದೆ ಕೂರಿಸಿದರು. 1994ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದೆ. ಎರಡನೇ ದರ್ಜೆ. ಕನ್ನಡದಲ್ಲಿ ಮಾತ್ರ ಒಳ್ಳೆಯ ಅಂಕ.

ಆ ಅಂಕಪಟ್ಟಿಯ ಬೆಲೆ ಗೊತ್ತಾಗಿದ್ದು ಹದಿನಾಲ್ಕು ವರ್ಷ ಬಿಟ್ಟು. ಐಟಿಐ ಎಲೆಕ್ಟ್ರಿಷಿಯನ್ ಮಾಡಿ, ಬೆಂಗಳೂರಿನ ಪೀಣ್ಯದಲ್ಲಿ ದುಡಿದು, ತಂಗಿಯ ಮದುವೆ ಸಾಲ ತೀರದೆ, 2008ರಲ್ಲಿ ಸೌದಿಗೆ ಹೊರಟೆ. 1983ರ ವಲಸೆ ಕಾಯ್ದೆ ಅಂತ ಒಂದಿದೆ. ಅದರ ಪ್ರಕಾರ ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದಿಂದ ಬೇರೆ ಅನುಮತಿ ಪಡೆಯಬೇಕು. ಓದದವರನ್ನು ಯಾರೂ ಮೋಸ ಮಾಡಬಾರದು ಅಂತ ಆ ನಿಯಮ ಇರುವುದು. ಆದರೆ ಆ ಅನುಮತಿ ಕೊಡಿಸುತ್ತೇನೆ ಅಂತಲೇ ಮೋಸ ಮಾಡುವವರು ಇದ್ದಾರೆ. ಮುಂಬಯಿಯಲ್ಲಿ ಏಜೆಂಟನ ಕೋಣೆಯಲ್ಲಿ ನನ್ನ ಪಕ್ಕ ಕೂತಿದ್ದ ಏಳನೇ ಕ್ಲಾಸಿನವನು ಇಪ್ಪತ್ತು ದಿನ ಕಾದ. ನಾನು ಈ ಶಾಲೆಯ ಮೊಹರು ಇದ್ದ ಕಾಗದ ತೋರಿಸಿ ವಿಮಾನ ಹತ್ತಿದೆ. ಹಾಗಂತ ನಾನೂ ಮೋಸದಿಂದ ತಪ್ಪಿಸಿಕೊಳ್ಳಲಿಲ್ಲ. ಹೇಳಿದ ಸಂಬಳ ಒಂದು, ಅಲ್ಲಿ ಕೊಟ್ಟದ್ದು ಇನ್ನೊಂದು. ಅದು ಬೇರೆ ಕತೆ.

ಕೆಲಸ ಸಿಕ್ಕಿದ್ದು ಜುಬೈಲ್‌ನಲ್ಲಿ. ಸೌದಿಯ ಪೂರ್ವದ ಕಡಲ ತೀರದ ಕೈಗಾರಿಕಾ ನಗರ, ಪೆಟ್ರೋಕೆಮಿಕಲ್ ಕಾರ್ಖಾನೆಗಳ ಊರು. ಒಂದು ಕೋಣೆಗೆ ಎಂಟು ಮಂದಿ, ಮೇಲೊಂದು ಕೆಳಗೊಂದು ಮಂಚ. ನನ್ನನ್ನು ಹಾಕಿದ ಕೋಣೆಯಲ್ಲಿ ಐವರು ದಕ್ಷಿಣ ಕನ್ನಡ, ಉಡುಪಿ ಕಡೆಯ ಬ್ಯಾರಿಗಳು. ನಾನು ಸಂತೋಷದಿಂದ ಉರ್ದುವಿನಲ್ಲಿ ಮಾತಾಡಿಸಿದೆ. ಅವರು ಮುಖ ಮುಖ ನೋಡಿಕೊಂಡರು. ಅವರ ಮನೆ ಮಾತು ಬ್ಯಾರಿ, ಮಲಯಾಳ ಮತ್ತು ತುಳುವಿನ ನೆಂಟಸ್ತನದ ಭಾಷೆ. 2007ರಲ್ಲಿ ನಮ್ಮ ಸರ್ಕಾರ ಅದಕ್ಕೊಂದು ಸಾಹಿತ್ಯ ಅಕಾಡೆಮಿಯನ್ನೂ ಮಾಡಿದೆ. ಅವರಲ್ಲಿ ಹಿರಿಯರೊಬ್ಬರು, ನಾವೆಲ್ಲ ಕಾಕ ಅಂತ ಕರೆಯುತ್ತಿದ್ದವರು, ‘ನಿಮಗೆ ಕನ್ನಡ ಬರುತ್ತದಾ ಮಾರಾಯ್ರೆ?’ ಅಂದರು. ಸಾವಿರಾರು ಮೈಲಿ ದೂರದಲ್ಲಿ ಎರಡು ಕಡೆಯ ಮುಸಲ್ಮಾನರು ಮಾತಾಡಿಕೊಂಡದ್ದು ಕನ್ನಡದಲ್ಲಿ. ಆ ಹೊತ್ತಿನಿಂದ ನನ್ನ ಹೆಸರು ‘ತಿಪಟೂರು’.

ಮೊದಲ ಜಗಳ ಕೊಬ್ಬರಿಯ ಮೇಲೆ. ಅವರೂ ತೆಂಗಿನ ನಾಡಿನವರೇ. ಆದರೆ ಅವರ ಕೊಬ್ಬರಿ ಒಡೆದ ಹೋಳನ್ನು ಬಿಸಿಲಲ್ಲಿ ಒಣಗಿಸಿ ಎಣ್ಣೆಗೆ ಹಾಕುವಂಥದ್ದು. ಕಾಯಿಯನ್ನು ಇಡಿಯಾಗಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಡುತ್ತೇವೆ, ನೀರು ತಾನಾಗಿ ಇಂಗುತ್ತದೆ, ಒಳಗೆ ಉಂಡೆ ಕೊಬ್ಬರಿ ಗಡಗಡ ಅನ್ನುತ್ತದೆ, ಅದು ಉತ್ತರ ಹಿಂದೂಸ್ಥಾನದವರೆಗೂ ಹೋಗುತ್ತದೆ ಅಂದರೆ ನಂಬಲೇ ಇಲ್ಲ. ಮೊದಲ ರಜೆ ಮುಗಿಸಿ ಬರುವಾಗ ನಾಲ್ಕು ಉಂಡೆ ತಂದು ಕೊಟ್ಟ ಮೇಲೆ ಒಪ್ಪಿಕೊಂಡರು.

ಈಗ ರಸೀದಿ ಪುಸ್ತಕಕ್ಕೆ ಬರುತ್ತೇನೆ. ಆಗ ಸೌದಿಯಲ್ಲಿ ಸರ್ಕಾರಿ ವಾರದ ರಜೆ ಗುರುವಾರ, ಶುಕ್ರವಾರ. 2013ರಲ್ಲಿ ಅದು ಶುಕ್ರವಾರ, ಶನಿವಾರ ಆಯಿತು. ನಮ್ಮಂಥ ಗುತ್ತಿಗೆಯವರಿಗೆ ಎರಡೂ ಕಾಲದಲ್ಲಿ ಶುಕ್ರವಾರ ಒಂದೇ. ಹಾಗಾಗಿ ಗುರುವಾರ ರಾತ್ರಿ ಅಂದರೆ ಹಬ್ಬ. ತಿಂಗಳ ಮೊದಲ ಗುರುವಾರ ರಾತ್ರಿ ಕಾಕ ಒಂದು ಉದ್ದನೆಯ ಪುಸ್ತಕ ಹಿಡಿದು ಕೋಣೆ ಕೋಣೆಗೆ ಹೋಗುತ್ತಿದ್ದರು. ಹತ್ತು ರಿಯಾಲು ಕೊಟ್ಟವನಿಗೂ ರಸೀದಿ, ಐವತ್ತು ಕೊಟ್ಟವನಿಗೂ ಅಷ್ಟೇ ಉದ್ದದ ರಸೀದಿ. ಆಗ ಹತ್ತು ರಿಯಾಲು ಅಂದರೆ ನಮ್ಮ ನೂರ ಹದಿನೈದು ರೂಪಾಯಿಯ ಆಸುಪಾಸು. ನನ್ನ ಸಾಲದ ಲೆಕ್ಕದಲ್ಲಿ ಅದು ದೊಡ್ಡ ದುಡ್ಡು. ಮೊದಲ ವರ್ಷ ಪೂರ್ತಿ ನಾನು ಏನು ಮಾಡಿದೆ ಗೊತ್ತೆ? ಬಾಗಿಲು ತಟ್ಟುವ ಸದ್ದು ಕೇಳಿದ ಕೂಡಲೇ ಗೋಡೆ ಕಡೆ ತಿರುಗಿ ನಿದ್ದೆ ಹೋದವನ ಹಾಗೆ ಮಲಗುತ್ತಿದ್ದೆ. ಕಾಕ ನನ್ನ ಮಂಚದ ಹತ್ತಿರ ಸ್ವರ ತಗ್ಗಿಸಿ, ‘ತಿಪಟೂರಿಗೆ ನಿದ್ದೆ ಬಂದಿದೆ, ಎಬ್ಬಿಸಬೇಡಿ’ ಅನ್ನುತ್ತಿದ್ದರು. ನನಗೆ ನಿದ್ದೆ ಬಂದಿಲ್ಲ ಅಂತ ಅವರಿಗೆ ಗೊತ್ತಿತ್ತು.

ಆ ದುಡ್ಡು ಹೋಗುತ್ತಿದ್ದುದು ‘ದಕ್ಷಿಣ ಕರ್ನಾಟಕ ಸುನ್ನಿ ಸೆಂಟರ್’ ಅನ್ನುವ ಸಂಘಟನೆಗೆ. ಕರಾವಳಿಯಲ್ಲಿ ಡಿಕೆಎಸ್‌ಸಿ ಅಂದರೆ ಎಲ್ಲರಿಗೂ ಗೊತ್ತು. 1990ರ ದಶಕದ ನಡುವಿನಲ್ಲಿ ಸೌದಿ ಅರೇಬಿಯಾದಲ್ಲಿ ದುಡಿಯುತ್ತಿದ್ದ ಕರಾವಳಿಯ ಕೆಲವರು ಸೇರಿ ಕಟ್ಟಿದ್ದು. ಕಟ್ಟಿದವರು ಶೇಖುಗಳಲ್ಲ, ಕಾರ್ಖಾನೆ ಮಾಲೀಕರಲ್ಲ. ಸಂಬಳಕ್ಕೆ ದುಡಿಯುವ ಮಂದಿ. ಅದರ ಘಟಕಗಳು ಸೌದಿಯ ಬೇರೆ ಬೇರೆ ಊರಿಗೆ, ಆಮೇಲೆ ಉಳಿದ ಕೊಲ್ಲಿ ದೇಶಗಳಿಗೂ ಹಬ್ಬಿದವು. ಉಡುಪಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ, ಕಾಪು ದಾಟಿ ಉಚ್ಚಿಲ ಬರುವ ಮುಂಚೆ ಮೂಳೂರು ಅಂತ ಸಿಗುತ್ತದೆ. ಅಲ್ಲಿ ಇವರ ಅಲ್ ಇಹ್ಸಾನ್ ವಿದ್ಯಾಸಂಸ್ಥೆ ಇದೆ. ತಂದೆಯಿಲ್ಲದ ಮಕ್ಕಳು, ಬಡವರ ಮಕ್ಕಳು ಅಲ್ಲಿ ಉಳಿದು ಓದುತ್ತಾರೆ. ಧರ್ಮದ ಪಾಠವೂ ಉಂಟು, ಶಾಲೆಯ ಪಾಠವೂ ಉಂಟು.

ಕರಾವಳಿಯ ಮುಸಲ್ಮಾನರು ಕೊಲ್ಲಿಗೆ ಹೊರಟದ್ದು ಮುಖ್ಯವಾಗಿ 1973ರ ನಂತರ, ಎಣ್ಣೆಯ ಬೆಲೆ ಏರಿ ಅಲ್ಲಿ ಕಟ್ಟಡಗಳು ಏಳತೊಡಗಿದ ಮೇಲೆ. ಅದಕ್ಕೂ ಮುಂಚೆ ಹಡಗಿನಲ್ಲಿ ಮುಂಬಯಿಗೆ. ಹಿಂದೆ ಉಳಿದ ಹೆಂಗಸರು ಬೀಡಿ ಕಟ್ಟುತ್ತಿದ್ದರು. ದುಡಿಯುವ ಗಂಡಸು ಅಲ್ಲೇ ತೀರಿಕೊಂಡರೆ ಮನೆಯ ಮಕ್ಕಳು ಎಲ್ಲಿಗೆ ಹೋಗಬೇಕು? ಇದು ಅವರಿಗೆ ಪುಸ್ತಕದ ಪ್ರಶ್ನೆಯಲ್ಲ. ಪಕ್ಕದ ಮಂಚ ಖಾಲಿಯಾದಾಗ ಎದುರಾಗುತ್ತಿದ್ದ ಪ್ರಶ್ನೆ. ಅನಾಥ ಮಕ್ಕಳ ಶಾಲೆಗೆ ಅವರು ಯಾಕೆ ಅಷ್ಟು ಒದ್ದಾಡಿದರು ಅನ್ನುವುದು ಆ ಕೋಣೆಯಲ್ಲಿ ಮಲಗಿದವರಿಗೆ ಬೇಗ ಅರ್ಥವಾಗುತ್ತದೆ. ನಾನು ದಡ್ಡ, ನನಗೆ ಒಂದು ವರ್ಷ ಬೇಕಾಯಿತು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಧರ್ಮದಲ್ಲಿ ಜಕಾತ್ ಅಂತ ಇದೆ. ಒಂದು ಮಿತಿಗಿಂತ ಹೆಚ್ಚು ಉಳಿತಾಯ ವರ್ಷವಿಡೀ ಇದ್ದವನು ಅದರಲ್ಲಿ ನಲವತ್ತರಲ್ಲಿ ಒಂದು ಪಾಲು ಬಡವರಿಗೆ ಕೊಡಲೇಬೇಕು. ಸಾಲ ಹೊತ್ತುಕೊಂಡು ಹೋದ ಕ್ಯಾಂಪಿನ ಕೂಲಿಯವನಿಗೆ ಆ ಉಳಿತಾಯವೇ ಇರುವುದಿಲ್ಲ. ಅವನು ಜಕಾತ್ ಕೊಡಬೇಕಾದವನಲ್ಲ. ನಿಜ ನೋಡಿದರೆ ತೆಗೆದುಕೊಳ್ಳಬಹುದಾದವನು. ತೆಗೆದುಕೊಳ್ಳುವ ಸಾಲಿನಲ್ಲಿ ನಿಲ್ಲಬಹುದಾದವರು ಕೊಡುವ ಸಾಲಿಗೆ ಬಂದು ನಿಂತಿದ್ದರು. ಯಾವ ಮೌಲ್ವಿಯೂ ಅವರನ್ನು ಕೇಳುವ ಹಾಗಿರಲಿಲ್ಲ.

ಇದು ಮುಸಲ್ಮಾನರಲ್ಲಿ ಮಾತ್ರ ಅಂತ ತಿಳಿಯಬೇಡಿ. ಇದೇ ಕರಾವಳಿಯಿಂದ ಮುಂಬಯಿಗೆ ದುಡಿಯಲು ಹೋದ ಮೊಗವೀರರು 1902ರಲ್ಲೇ ಅಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿದರು, ದುಡಿಯುವ ಹುಡುಗರು ಓದಲಿ ಅಂತ ರಾತ್ರಿ ಶಾಲೆ ನಡೆಸಿದರು. ತಮಿಳುನಾಡಿನ ಕಡಯನಲ್ಲೂರಿನ ಮುಸಲ್ಮಾನರು ಕೆಲಸ ಹುಡುಕಿ ಸಿಂಗಪುರಕ್ಕೆ ಹೋದವರು. 1941ರಲ್ಲಿ ಅಲ್ಲಿ ಒಂದು ಲೀಗ್ ಮಾಡಿಕೊಂಡು, ಯುದ್ಧ ಮುಗಿದ ಮೇಲೆ 1946ರಲ್ಲಿ ಉಮರು ಪುಲವರ್ ಹೆಸರಿನಲ್ಲಿ ತಮಿಳು ಶಾಲೆಯನ್ನೇ ತೆರೆದರು. ನಮಗೆ ಹತ್ತಿರದಲ್ಲೇ ಸಿದ್ಧಗಂಗೆ ಇದೆ. ಎಲ್ಲ ಜಾತಿ ಮತದ ಮಕ್ಕಳು ಉಂಡು ಓದುವ ಆ ಮಠಕ್ಕೆ ಒಂದು ಚೀಲ ರಾಗಿ, ನಾಲ್ಕು ಕಾಯಿ ಕಳಿಸದ ಮನೆ ನಮ್ಮ ಸೀಮೆಯಲ್ಲಿ ಕಡಿಮೆ. ಒಂದೇ ವ್ಯತ್ಯಾಸ, ಮಠಕ್ಕೆ ಕೊಡುವಾಗ ನಾವು ನಮ್ಮ ಮನೆಯಲ್ಲಿ ಇರುತ್ತೇವೆ. ಅವರು ಕೊಡುವಾಗ ಅವರಿಗೇ ಮನೆ ಇರಲಿಲ್ಲ.

ನಾನು ಅವರ ಜೊತೆ ಸೇರಿದ್ದು ದಾನದ ಮನಸ್ಸಿನಿಂದಲ್ಲ, ಅಕ್ಷರದ ಮೂಲಕ. ಒಂದು ರಾತ್ರಿ ಕಾಕ ಕಾಗದ ಪೆನ್ನು ಹಿಡಿದುಕೊಂಡು ಒದ್ದಾಡುತ್ತಿದ್ದರು. ಸಭೆಯ ವರದಿ ಬರೆಯಬೇಕು. ಅವರು ಐದನೇ ಕ್ಲಾಸಿಗೆ ಶಾಲೆ ಬಿಟ್ಟವರು. ನಾನು ಬರೆದುಕೊಟ್ಟೆ. ‘ಎಂಥ ಅಕ್ಷರ ಮಾರಾಯ್ರೆ!’ ಅಂದರು. ನಮ್ಮ ಕನ್ನಡ ಪಂಡಿತರು ಕಾಪಿ ಬರೆಸಿ ಬರೆಸಿ ಬೆರಳು ನೋಯಿಸಿದ್ದು ಜುಬೈಲ್‌ನಲ್ಲಿ ಫಲ ಕೊಟ್ಟಿತು. ಆಮೇಲೆ ಕೋಣೆಯವರ ವರದಿ, ಲೆಕ್ಕದ ಪಟ್ಟಿ, ಊರಿಗೆ ಕಾಗದ ಎಲ್ಲ ನನ್ನ ಕೈಯಲ್ಲೇ. ನಾನು ಅವರ ಸದಸ್ಯನಾಗಲಿಲ್ಲ. ಬರೆಯುವವನಾದೆ. ಬರೆಯುವವನಿಗೆ ಎಲ್ಲ ಕಾಣುತ್ತದೆ. ಇಸ್ತ್ರಿ ಮಾಡುವವನು, ಡ್ರೈವರ್, ಹೋಟೆಲಿನಲ್ಲಿ ಪಾತ್ರೆ ತೊಳೆಯುವವನು. ಇವರೇ ಅಧ್ಯಕ್ಷ, ಕಾರ್ಯದರ್ಶಿ, ಕೋಶಾಧಿಕಾರಿ. ಹಗಲು ಬೈಸಿಕೊಂಡು ಬಂದವನು ರಾತ್ರಿ ಮೂವತ್ತು ಜನರ ಮುಂದೆ ಎದ್ದು ನಿಂತು ಐದು ರಿಯಾಲು ಯಾಕೆ ತಾಳೆ ಬರುತ್ತಿಲ್ಲ ಅಂತ ಉತ್ತರ ಕೊಡಬೇಕು. ಐದು ರಿಯಾಲಿಗಾಗಿ ರಾತ್ರಿ ಒಂದು ಗಂಟೆವರೆಗೆ ವಾದ ನಡೆದದ್ದನ್ನು ನಾನೇ ಕಂಡಿದ್ದೇನೆ. ಆಗ ನಗು ಬಂದಿತ್ತು. ನಮ್ಮ ಊರಿನಲ್ಲಿ ಲಕ್ಷದ ಲೆಕ್ಕವನ್ನೇ ಯಾರೂ ಕೇಳದೆ ಎದ್ದುಹೋಗುವ ಸಭೆಗಳನ್ನು ನೋಡಿದ ಮೇಲೆ ನಗು ಬರುವುದಿಲ್ಲ.

2013ರ ಮಾತು. ಸೌದಿ ಸರ್ಕಾರ ನಿತಾಖಾತ್ ಅಂತ ಒಂದು ವ್ಯವಸ್ಥೆ 2011ರಲ್ಲಿ ತಂದಿತ್ತು. ಪ್ರತಿ ಕಂಪನಿಯಲ್ಲಿ ಇಷ್ಟು ಮಂದಿ ಸೌದಿಯವರೇ ಇರಬೇಕು. ಇಲ್ಲದ ಕಂಪನಿ ಕೆಂಪು ಪಟ್ಟಿಗೆ. ಕೆಂಪು ಪಟ್ಟಿಯ ಕಂಪನಿಯವರ ಇಕಾಮ, ಅಂದರೆ ಅಲ್ಲಿ ಇರುವ ಪರವಾನಗಿ ಚೀಟಿ, ನವೀಕರಣ ಆಗುವುದಿಲ್ಲ. ನಾನಿದ್ದ ಕಂಪನಿ ಕೆಂಪಾಯಿತು. ನಾಲ್ಕು ತಿಂಗಳು ಸಂಬಳವಿಲ್ಲ. ಇಕಾಮ ಮುಗಿದವನು ಬೀದಿಗೆ ಬಂದರೆ ಪೊಲೀಸರು ಹಿಡಿಯುತ್ತಾರೆ. ದಂಡವಿಲ್ಲದೆ ಕಾಗದ ಸರಿ ಮಾಡಿಕೊಳ್ಳಿ ಅಂತ ಏಪ್ರಿಲ್‌ನಲ್ಲಿ ಕೊಟ್ಟ ಗಡುವು ಕೊನೆಗೆ ನವೆಂಬರ್ 3ರವರೆಗೆ ಬೆಳೆಯಿತು. ಅಷ್ಟೂ ಕಾಲ ನಾನು ಕೋಣೆಯಲ್ಲಿ ಕೂತೆ. ಕೋಣೆಯವರು ಅನ್ನ ಹಾಕಿದರು. ಮೆಸ್ಸಿನ ಲೆಕ್ಕದ ಪುಸ್ತಕ ನನ್ನ ಹತ್ತಿರವೇ ಇತ್ತಲ್ಲ, ನನ್ನ ಹೆಸರಿನ ಮುಂದೆ ‘ಬಾಕಿ’ ಅಂತ ನಾನೇ ಬರೆದುಕೊಳ್ಳುತ್ತಾ ಹೋದೆ. ಅಂಥ ಸಂಕಟದ ಕೆಲಸ ಇನ್ನೊಂದಿಲ್ಲ.

ಅಕ್ಟೋಬರ್‌ನಲ್ಲಿ ಬೇರೆ ಕಂಪನಿಗೆ ವರ್ಗವಾಯಿತು. ಮೊದಲ ಸಂಬಳ ಬಂದ ರಾತ್ರಿ ನಾನಾಗಿ ಎದ್ದು ಹೋಗಿ ಬಾಕಿ ಮೆಸ್ಸಿನ ದುಡ್ಡು, ನಾಲ್ಕು ತಿಂಗಳ ಚಂದಾ ಎರಡನ್ನೂ ಕಾಕನ ಮುಂದೆ ಇಟ್ಟೆ. ಅವರು ಮೆಸ್ಸಿನ ದುಡ್ಡು ತೆಗೆದುಕೊಂಡರು. ಚಂದಾ ವಾಪಸು ತಳ್ಳಿದರು. ರಸೀದಿ ಪುಸ್ತಕ ತೆರೆದು ತೋರಿಸಿದರು. ಜುಲೈ, ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್, ನಾಲ್ಕೂ ತಿಂಗಳು ‘ತಿಪಟೂರು, ಹತ್ತು ರಿಯಾಲು’ ಅಂತ ಸೊಟ್ಟ ಅಕ್ಷರದಲ್ಲಿ ಬರೆದಿತ್ತು. ಅದನ್ನು ನನ್ನಿಂದ ಬರೆಸಿರಲಿಲ್ಲ, ತಾವೇ ಬರೆದಿದ್ದರು. ‘ಸಾಲು ನಡುವೆ ಖಾಲಿ ಬಿಟ್ಟರೆ ಲೆಕ್ಕ ಚಂದ ಕಾಣುವುದಿಲ್ಲ’ ಅಂದರು. ಅಷ್ಟೇ.

2015ರ ರಜೆಯಲ್ಲಿ ನಾನೂ ಅವರೂ ಒಂದೇ ವಿಮಾನದಲ್ಲಿ ಮಂಗಳೂರಿಗೆ ಇಳಿದೆವು. ಊರಿಗೆ ಹೋಗುವ ಮುಂಚೆ ಮೂಳೂರಿಗೆ ಕರೆದುಕೊಂಡು ಹೋಗಿ ಅಂದೆ. ಹತ್ತು ಹತ್ತು ರಿಯಾಲು ಎಲ್ಲಿಗೆ ಹೋಯಿತು ನೋಡಬೇಕಿತ್ತು. ಮಕ್ಕಳ ಚಪ್ಪಲಿಗಳು ಸಾಲಾಗಿ ಬಿಟ್ಟಿದ್ದವು. ಒಳಗೆ ಯಾವುದೋ ತರಗತಿಯಲ್ಲಿ ಮಗ್ಗಿ ಹೇಳುವ ಸದ್ದು. ಕಾಕ ಒಳಗೆ ಬರಲಿಲ್ಲ, ಮರದ ಕೆಳಗೆ ನಿಂತರು. ಯಾಕೆ ಅಂದೆ. ‘ಇವರು ಕೊಟ್ಟವರು ಅಂತ ಮಕ್ಕಳಿಗೆ ತೋರಿಸಿದರೆ ಮಕ್ಕಳು ಎದ್ದು ನಿಲ್ಲಬೇಕಾಗುತ್ತದೆ’ ಅಂದರು. ಆಮೇಲೆ ಅವರ ಮನೆಗೆ ಊಟಕ್ಕೆ ಹೋದೆವು. ಮನೆಯಲ್ಲಿ ಗೊತ್ತಾಯಿತು, ಅವರ ಸ್ವಂತ ಮಗ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟು ಲಾರಿಯಲ್ಲಿ ಕ್ಲೀನರ್ ಆಗಿದ್ದ. ಎರಡು ವರ್ಷಕ್ಕೊಮ್ಮೆ ಬರುವ ತಂದೆಯ ಮಾತು ಅವನಿಗೆ ಅತಿಥಿಯ ಮಾತಿನ ಹಾಗೆ. ಊಟ ಬಡಿಸುತ್ತಾ ಅವರ ಹೆಂಡತಿ, ‘ಊರ ಮಕ್ಕಳನ್ನು ಓದಿಸಿದರು’ ಅಂದರು. ಮಾತು ಅಲ್ಲಿಗೇ ನಿಲ್ಲಿಸಿದರು. ಕಾಕ ಮೀನಿನ ಮುಳ್ಳು ಬಿಡಿಸುತ್ತಾ ಕೂತಿದ್ದರು.

ನನಗೂ ಮನೆಯಲ್ಲಿ ಎಂಟನೇ ಕ್ಲಾಸಿನ ಮಗಳು ಇದ್ದಳು. ಇದೇ ಶಾಲೆಯಲ್ಲಿ. 2017ರಲ್ಲಿ, ಅಲ್ಲಿ ಹೊರದೇಶದವರ ಮೇಲೆ ಹೊಸ ಶುಲ್ಕಗಳು ಶುರುವಾದ ವರ್ಷ, ನಾನು ಗಂಟು ಕಟ್ಟಿಕೊಂಡು ಬಂದೆ. ಜನ ಶುಲ್ಕಕ್ಕೆ ಹೆದರಿ ಬಂದ ಅಂದುಕೊಂಡರು. ನಾನು ಬಂದದ್ದು ಆ ಊಟದ ಕಾರಣಕ್ಕೆ.

ಇಂಥ ಸಂಘಗಳ ಬಗ್ಗೆ ನನಗೆ ತಕರಾರೂ ಇದೆ, ಮುಚ್ಚಿಡುವುದಿಲ್ಲ. ತಮ್ಮ ಜಿಲ್ಲೆ, ತಮ್ಮ ಜಮಾತು, ತಮ್ಮವರು ಅನ್ನುವ ಗೆರೆ ಬೇಗ ಬೀಳುತ್ತದೆ. ಹಣ ಕಳಿಸುವವನು ಗಂಡಸು, ಮನೆ ಹೊರುವವಳು ಹೆಂಗಸು. ಸಭೆಯಲ್ಲಿ ಅವಳ ಹೆಸರು ಬರುವುದಿಲ್ಲ. ಕಾಕನಿಗೆ ಇದನ್ನು ಹೇಳಿದ್ದೆ. ‘ನೀವು ಗೆರೆ ಇಲ್ಲದ ಹಾಗೆ ಒಂದು ಮಾಡಿ ತೋರಿಸಿ’ ಅಂದಿದ್ದರು.

ಆ ಮಾತು ತಲೆಯಲ್ಲಿ ಕೂತಿದೆ. ಈಗ ನಮ್ಮ ಶಾಲೆಯ ಕತೆಗೆ ಬರುತ್ತೇನೆ. ಆಫೀಸಿನ ಗೋಡೆಯ ಮೇಲೆ ದಾನಿಗಳ ಕಲ್ಲು ಇದೆ, ನೀವೆಲ್ಲ ನೋಡಿದ್ದೀರಿ. ಮೊದಲ ಎರಡು ಕೋಣೆಗೆ ಯಾರು ಎಷ್ಟು ಸಾವಿರ ಕಾಯಿ ಕೊಟ್ಟರು ಅಂತ ಹೆಸರು ಸಮೇತ ಕೆತ್ತಿದೆ. ಕೊಟ್ಟವರೆಲ್ಲ ದೊಡ್ಡವರು, ಅವರ ಪುಣ್ಯದಿಂದಲೇ ನಾವು ಓದಿದೆವು. ಅಬ್ಬ ತೀರಿಕೊಳ್ಳುವ ಮುಂಚೆ ಒಂದು ದಿನ ಆ ಕಲ್ಲಿನ ಮಾತು ಬಂದಾಗ ಹೇಳಿದರು, ಆ ಕಾಯಿಯನ್ನೆಲ್ಲ ಸುಲಿದವರು ತಾವು ಮತ್ತು ಇನ್ನು ಮೂವರು ಅಂತ. ಹನ್ನೊಂದು ದಿನ ಕೂಲಿ ತೆಗೆದುಕೊಳ್ಳಲಿಲ್ಲವಂತೆ. ‘ಇಸ್ಕೂಲಿನ ಕಾಯಿ, ಅದಕ್ಕೇನು ಕೂಲಿ’ ಅಂದರಂತೆ. ನಾಲ್ವರಲ್ಲಿ ಒಬ್ಬರಿಗೂ ಓದು ಬರುತ್ತಿರಲಿಲ್ಲ. ಕಲ್ಲಿನಲ್ಲಿ ಏನು ಕೆತ್ತಿದೆ ಅಂತ ಅವರಿಗೆ ಗೊತ್ತಾಗಲೂ ಇಲ್ಲ, ಕೇಳಲೂ ಇಲ್ಲ. ಈಗ ಕಲ್ಲು ಬದಲಿಸಿ ಅಂತ ನಾನು ಕೇಳುತ್ತಿಲ್ಲ. ಈ ಸಂಚಿಕೆಯಲ್ಲಿ ಬರೆದಿರಲಿ ಅಂತ ಹೇಳಿದೆ.

ಈಗ ಕಾಯಿ ಸುಲಿಯುವವರು ಯಾರು? ನಮ್ಮ ಹುಡುಗರು ಬೆಂಗಳೂರಿಗೆ ಹೋದರು. ತೋಟಗಳಲ್ಲಿ, ನಾರಿನ ಕಾರ್ಖಾನೆಗಳಲ್ಲಿ, ಕಾಯಿ ಪುಡಿಯ ಕಾರ್ಖಾನೆಗಳಲ್ಲಿ ಹೊರ ರಾಜ್ಯದಿಂದ ಬಂದವರು ದುಡಿಯುತ್ತಿದ್ದಾರೆ. ಶೆಡ್ಡಿನಲ್ಲಿ ಒಂದು ಕೋಣೆಗೆ ಎಂಟು ಮಂದಿ. ಆ ಕೋಣೆ ನನಗೆ ಗೊತ್ತು. ಕೆಲವರು ಹೆಂಡತಿ ಮಕ್ಕಳನ್ನೂ ಕರೆತಂದಿದ್ದಾರೆ. ಹೋದ ವರ್ಷ ಅಂಥ ಎರಡು ಮಕ್ಕಳು ನಮ್ಮ ಎಂಟನೇ ತರಗತಿಗೆ ಸೇರಿದವು. ಕನ್ನಡ ತಿಳಿಯದೆ ಒಂದು ಹುಡುಗ ದಸರಾ ರಜೆಯ ಮೇಲೆ ಬರಲಿಲ್ಲ. ಇನ್ನೊಂದು ಹುಡುಗಿ ಬರುತ್ತಿದ್ದಾಳೆ, ಈಗ ಅಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ. ಹುಡುಗ ಕಾರ್ಖಾನೆಯಲ್ಲಿ ಕಾಯಿ ಹೊರುತ್ತಿದ್ದಾನೆ. ನಮ್ಮ ಮೇಷ್ಟ್ರ ಹಾಗೆ ಸೈಕಲ್ ತಗೊಂಡು ಹೋಗಿ ಅವನ ತಂದೆಯನ್ನು ಕಂಡು ಬಂದಿದ್ದೇನೆ. ಸಂಜೆ ಕನ್ನಡ ಹೇಳಿಕೊಡುವವರು ಇದ್ದರೆ ಕಳಿಸುತ್ತೇನೆ ಅಂದಿದ್ದಾನೆ. ಬಿ.ಎಡ್. ಮಾಡಿ ಮನೆಯಲ್ಲಿರುವ ನಮ್ಮೂರ ಹೆಣ್ಣುಮಗಳೊಬ್ಬಳು ಹೇಳಿಕೊಡಲು ಒಪ್ಪಿದ್ದಾಳೆ. ಅವಳಿಗೆ ಬರಿ ಮಾತಿನ ಗೌರವ ಕೊಟ್ಟರೆ ಆಗುವುದಿಲ್ಲ, ತಿಂಗಳಿಗೆ ಸಂಬಳ ಕೊಡಬೇಕು.

ಮುಖ್ಯೋಪಾಧ್ಯಾಯರು ಸಂಜೆ ಒಂದು ಕೋಣೆಯ ಬೀಗದ ಕೈ ಕೊಡಲು ಒಪ್ಪಿದ್ದಾರೆ. ಚಂದಾ ತಿಂಗಳಿಗೆ ನೂರು ರೂಪಾಯಿ, ಜಾಸ್ತಿ ಕೊಡುತ್ತೇನೆ ಅಂದರೂ ನೂರೇ. ಕೊಬ್ಬರಿ ಬೆಲೆ ಏರಿದರೂ ನೂರು, ಬಿದ್ದರೂ ನೂರು. ಪ್ರತಿ ತಿಂಗಳ ಲೆಕ್ಕ ಪಂಚಾಯಿತಿ ಬೋರ್ಡಿಗೆ ಅಂಟಿಸುತ್ತೇನೆ, ಐದು ರೂಪಾಯಿ ತಾಳೆ ಬರದಿದ್ದರೂ ಬಂದು ಕೇಳಿ. ಕೊಟ್ಟವರ ಹೆಸರಿನ ಕಲ್ಲು ಇರುವುದಿಲ್ಲ. ಮೊದಲ ರಸೀದಿ ಕಾಕನ ಹೆಸರಿಗೆ ಹರಿದಾಗಿದೆ. ಹೋದ ವಾರ ಫೋನ್ ಮಾಡಿ ಒಂದು ವರ್ಷದ್ದು ಕಳಿಸಿದರು, ಸಾಲು ನಡುವೆ ಖಾಲಿ ಬಿಡಬೇಡಿ ಅಂದರು.

ಮಾತು ಉದ್ದವಾಯಿತು, ಊಟದ ಹೊತ್ತಾಯಿತು. ಪುಸ್ತಕ ನನ್ನ ಚೀಲದಲ್ಲಿದೆ. ಊಟದ ಶಾಮಿಯಾನದ ಬಾಗಿಲಲ್ಲಿ, ನೀರಿನ ಡ್ರಮ್ಮಿನ ಪಕ್ಕದ ಬೆಂಚಿನ ಮೇಲೆ ಕೂತಿರುತ್ತೇನೆ. ಆ ದಾರಿಯಲ್ಲಿ ಬರಲು ಮುಜುಗರ ಆಗುವವರಿಗೆ ಶಾಮಿಯಾನಕ್ಕೆ ಹಿಂದಿನಿಂದಲೂ ಒಂದು ಬಾಗಿಲಿದೆ. ಒಂದು ವರ್ಷ ಗೋಡೆ ಕಡೆ ತಿರುಗಿ ಮಲಗಿದವನು ನಾನು, ಯಾರನ್ನೂ ಏನೂ ಅನ್ನುವುದಿಲ್ಲ.